ಶುಕ್ರವಾರದ ಕೊಡ

ನಮ್ಮ ಪಕ್ಕದ ಮನೆಯ ವದಿನ ಶುಕ್ರವಾರ ಕೊಡ ಬರಿದು ಮಾಡುವುದಿಲ್ಲ. ವದಿನ ಎಂದರೆ ತೆಲುಗಿನಲ್ಲಿ ಅತ್ತಿಗೆ. ವಿಶಾಖಪಟ್ಟಣದ ಗಾಜುವಾಕದಲ್ಲಿ ನಾವು ಮನೆ ಮಾಡಿದ ದಿನದಿಂದ ನಾನು ಅವರನ್ನು ಹಾಗೆ ಕರೆಯುತ್ತೇನೆ, ಅವರೂ ನನ್ನನ್ನು ಹಾಗೇ ಕರೆಯುತ್ತಾರೆ. ಇಬ್ಬರಲ್ಲಿ ದೊಡ್ಡವರು ಯಾರೆಂದು ನಾವಿನ್ನೂ ಲೆಕ್ಕ ಹಾಕಿಲ್ಲ.

ಆಂಧ್ರದಲ್ಲಿ ಶುಕ್ರವಾರ ಎಂದರೆ ಡ್ರೈ ಡೇ. ಮನೆಯಲ್ಲಿ ತುಂಬಿಟ್ಟ ನೀರನ್ನೆಲ್ಲ ಚೆಲ್ಲಿ, ಡ್ರಮ್ಮು, ತೊಟ್ಟಿ, ಬಿಂದಿಗೆ ಎಲ್ಲವನ್ನೂ ಉಜ್ಜಿ ಒಣಗಿಸಿ ಮತ್ತೆ ತುಂಬಬೇಕು. ಸೊಳ್ಳೆಯನ್ನು ಮನೆಯಿಂದ ದೂರವಿಡಲು ಆರೋಗ್ಯ ಇಲಾಖೆ ಹೇಳಿಕೊಟ್ಟ ವಾರದ ವ್ರತ ಇದು. ಆಶಾ ಕಾರ್ಯಕರ್ತೆಯಾದ ಹುಡುಗಿ ಮೊದಲ ಸಲ ಬಂದು ಇದನ್ನು ಹೇಳಿದಾಗ ವದಿನ ಗಾಬರಿಯಾದರು. "ಶುಕ್ರವಾರಂ ಪೂಟ ಬಿಂದೆ ಖಾಳೀ ಚೇಯಮಂಟಾವೇಂಟಮ್ಮಾ?" ಲಕ್ಷ್ಮಿ ಮನೆಗೆ ಬರುವ ದಿನ ಬಿಂದಿಗೆ ಬರಿದು ಮಾಡು ಅಂತೀಯಲ್ಲಮ್ಮಾ ಎಂದು.

ನನಗೆ ಅವರ ಗಾಬರಿ ಚೆನ್ನಾಗಿ ಅರ್ಥವಾಯಿತು. ಸಾಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ಅಮ್ಮ ಎಂದೂ ಅಕ್ಕಿ ಮುಗಿಯಿತು ಎಂದವಳಲ್ಲ. ಅಕ್ಕಿ ಹೆಚ್ಚಿದೆ ಎನ್ನುತ್ತಿದ್ದಳು. ಅಪ್ಪ ಆ ಮಾತು ಕೇಳಿದ ತಕ್ಷಣ ಚೀಲ ಹುಡುಕುತ್ತಿದ್ದರು. ತೆಲುಗರಲ್ಲೂ ಹೀಗೇ. ಬಿಯ್ಯಂ ನಿಂಡುಕುನ್ನಾಯಿ ಎನ್ನುತ್ತಾರೆ, ಅಕ್ಕಿ ತುಂಬಿಕೊಂಡಿದೆ ಎಂದು. ಕೇಳಿದವರಿಗೆ ಡಬ್ಬದ ತಳ ಕಂಡಿದೆ ಎಂದು ಗೊತ್ತಾಗುತ್ತದೆ. ಬರಿದು ಎನ್ನುವ ಮಾತನ್ನೇ ನಾಲಿಗೆಗೆ ತರಲು ಹೆದರುವ ಹೆಂಗಸರಿಗೆ ತುಂಬಿದ ಕೊಡವನ್ನು ಶುಕ್ರವಾರ ಬೆಳಿಗ್ಗೆ ಕವುಚಿ ಹಾಕು ಎಂದರೆ ಹೇಗಾಗಬೇಡ?

ದಾರಿ ತೋರಿಸಿದವಳು ಆ ಆಶಾ ಹುಡುಗಿಯೇ. ಅವಳಿಗಿನ್ನೂ ಮೂವತ್ತು ತುಂಬಿರಲಿಕ್ಕಿಲ್ಲ. ಗುರುವಾರ ರಾತ್ರಿ ಚೆಲ್ಲಿ ಉಜ್ಜಿಡಿ, ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ ಹೊಸ ನೀರು ತುಂಬಿ ಎಂದಳು. ಅಲ್ಲಿಂದ ಮುಂದೆ ನಮ್ಮ ಸಾಲಿನ ಏಳೆಂಟು ಮನೆಗಳಲ್ಲಿ ಗುರುವಾರ ರಾತ್ರಿ ಡ್ರಮ್ಮು ಉರುಳುವ ಸದ್ದು. ಇಲಾಖೆಯ ಕರಪತ್ರಕ್ಕೆ ಆಗದೇ ಇದ್ದದ್ದು ಅವಳ ಒಂದು ಮಾತಿಗೆ ಆಯಿತು.

ವಾರಕ್ಕೊಮ್ಮೆ ಏಕೆ, ತಿಂಗಳಿಗೊಮ್ಮೆ ಸಾಲದೇ ಎಂದು ನಾನೂ ಕೇಳಿದ್ದೆ. ಕಾರಣ ಸೊಳ್ಳೆಯ ಪಂಚಾಂಗದಲ್ಲಿದೆ. ಡೆಂಗಿ, ಚಿಕುನ್‌ಗುನ್ಯ ತರುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿತು ಹಾರುವವರೆಗೆ ಎಂಟು ಹತ್ತು ದಿನ. ಏಳನೆಯ ದಿನಕ್ಕೆ ನೀರು ಚೆಲ್ಲಿದರೆ ಹುಳು ಹುಳುವಾಗಿರುವಾಗಲೇ ಮಣ್ಣುಪಾಲು. ಇನ್ನೊಂದು ವಿಷಯ ನನಗೆ ಬಹಳ ವರ್ಷ ಗೊತ್ತಿರಲಿಲ್ಲ. ಈ ಸೊಳ್ಳೆ ಮೊಟ್ಟೆಯನ್ನು ನೀರಿನ ಮೇಲೆ ಇಡುವುದಿಲ್ಲ, ನೀರು ತಾಗುವ ಗೆರೆಯ ಸ್ವಲ್ಪ ಮೇಲೆ ಡ್ರಮ್ಮಿನ ಒಳಮೈಗೆ ಅಂಟಿಸುತ್ತದೆ. ನೀರು ಚೆಲ್ಲಿದರೂ ಮೊಟ್ಟೆ ಅಲ್ಲೇ. ಒಣಗಿದ ಡ್ರಮ್ಮಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿದ್ದು, ಮತ್ತೆ ನೀರು ಬಂದ ದಿನ ಒಡೆಯುತ್ತದೆ. ಅದಕ್ಕೇ ಚೆಲ್ಲಿದರೆ ಸಾಲದು, ತೆಂಗಿನ ನಾರು ಹಿಡಿದು ಅಂಚನ್ನು ತಿಕ್ಕಬೇಕು. ಅಮ್ಮ ಹಂಡೆ ಬೆಳಗುವಾಗ ಕಂಠದ ಹತ್ತಿರ ಎರಡು ಸಲ ಉಜ್ಜುತ್ತಿದ್ದಳು, ಪಾಚಿ ಕಟ್ಟುತ್ತದೆ ಎಂದು. ಅವಳ ಕಾರಣ ಬೇರೆಯಾಗಿದ್ದರೂ ಕೈ ಸರಿಯಾದ ಜಾಗಕ್ಕೇ ಹೋಗುತ್ತಿತ್ತು.

ಈಡಿಸ್ ದೂರ ಹಾರುವ ಪ್ರಾಣಿಯೂ ಅಲ್ಲ. ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರಿನಾಚೆ ಹೋಗುವುದು ಅಪರೂಪ. ಎಂದರೆ ಇವತ್ತು ಮಧ್ಯಾಹ್ನ ನನ್ನ ಕಾಲು ಕಚ್ಚಿದ ಸೊಳ್ಳೆ ಹುಟ್ಟಿದ್ದು ನನ್ನ ಮನೆಯಲ್ಲಿ, ಇಲ್ಲವೇ ವದಿನ ಮನೆಯಲ್ಲಿ, ಇಲ್ಲವೇ ಎದುರಿನ ಟೈರು ಅಂಗಡಿಯಲ್ಲಿ. ಸೊಳ್ಳೆ ಚರಂಡಿಯಿಂದ ಬರುತ್ತದೆ, ಕಾರ್ಪೊರೇಷನ್ನಿನವರು ಹೊಗೆ ಹಾಕಲಿ ಎಂದು ಬಾಗಿಲಲ್ಲಿ ನಿಂತು ಕಾಯುತ್ತೇವಲ್ಲ, ಈ ಸೊಳ್ಳೆಯ ಮಟ್ಟಿಗೆ ಆ ಕಾಯುವಿಕೆ ವ್ಯರ್ಥ. ಚರಂಡಿಯ ಕೊಳಕು ನೀರು ಕ್ಯೂಲೆಕ್ಸ್ ಎಂಬ ಇನ್ನೊಂದು ಬಗೆಯ ಸೊಳ್ಳೆಗೆ ಬೇಕು. ಈಡಿಸ್‌ಗೆ ಬೇಕಾದ್ದು ನಾವು ಕುಡಿಯಲು ಹಿಡಿದಿಟ್ಟ ತಿಳಿನೀರು. ಹೊಗೆ ಬಂಡಿ ಹಾರುವ ಸೊಳ್ಳೆಯನ್ನು ಕೊಲ್ಲುತ್ತದೆ, ಸಿಂಟೆಕ್ಸ್ ಒಳಗಿನ ಹುಳುವನ್ನು ಮುಟ್ಟುವುದಿಲ್ಲ. ಆ ಹುಳುವಿಗೆ ಇಲ್ಲಿ ತೋಕ ಪುರುಗು ಎಂದು ಹೆಸರು, ಬಾಲದ ಹುಳು. ಕನ್ನಡದಲ್ಲಿ ಲಾರ್ವಾ ಎಂದೇ ಹೇಳಿ ಹೇಳಿ ನಾವು ಇಂಥ ಕಣ್ಣಿಗೆ ಕಟ್ಟುವ ಹೆಸರುಗಳನ್ನು ಬಿಟ್ಟುಕೊಟ್ಟೆವೇನೋ.

ಮಾತು ಹೆಸರಿನ ಕಡೆ ಹೊರಳಿತು. ನಮ್ಮವರಿಗೆ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸವಾಗಿ ನಾನು ಮೊದಲ ಸಲ ಇಲ್ಲಿಗೆ ಬಂದಾಗ ಟೌನ್‌ಶಿಪ್ಪಿನ ಫಲಕದಲ್ಲಿ ಉಕ್ಕುನಗರಂ ಎಂದಿತ್ತು. ಉಕ್ಕು ನಮ್ಮದೂ ಹೌದು, ಅವರದೂ ಹೌದು ಎಂದು ನೋಡಿ ಅರ್ಧ ಊರು ಸಿಕ್ಕಿದಷ್ಟು ಸಮಾಧಾನವಾಗಿತ್ತು. ಸೊಳ್ಳೆಯ ವಿಷಯದಲ್ಲಿ ಆ ನೆಂಟಸ್ತನ ಇಲ್ಲ. ಅವರಿಗೆ ಅದು ದೋಮ, ಸೊಳ್ಳೆ ಪರದೆ ದೋಮತೆರ. ಆನೆಕಾಲು ಬೋದಕಾಲು. ಲಕ್ಕಿ ಸೊಪ್ಪು ವಾವಿಲಿ. ಊರಿನಲ್ಲಿ ಕೊಟ್ಟಿಗೆಗೆ ಸಂಜೆ ಲಕ್ಕಿ ಸೊಪ್ಪಿನ ಹೊಗೆ ಹಾಕುತ್ತಿದ್ದದ್ದನ್ನು ನಾನು ಹೇಳಿದರೆ ವದಿನ ತಮ್ಮ ತವರಿನ ವಾವಿಲಿ ಹೊಗೆಯನ್ನು ಹೇಳುತ್ತಾರೆ. ಎರಡು ಊರುಗಳ ಎಮ್ಮೆಗಳು ಒಂದೇ ಹೊಗೆಯಲ್ಲಿ ಕಣ್ಣು ಮುಚ್ಚಿ ನಿಂತಿದ್ದವು.

ತೊಟ್ಟಿ ಕವುಚಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂಬುದನ್ನು ಬೆಂಗಳೂರಿನಲ್ಲಿ ಒಬ್ಬ ಯುವಕ 1883ರ ಸುಮಾರಿನಲ್ಲೇ ಕಂಡುಕೊಂಡಿದ್ದ. ರೊನಾಲ್ಡ್ ರಾಸ್. ಆಗ ಅವನು ಅಲ್ಲಿನ ದಂಡಿನ ವೈದ್ಯ. ಬಂಗಲೆ ಚೆನ್ನಾಗಿತ್ತು, ಸೊಳ್ಳೆಯ ಕಾಟ ಮಾತ್ರ ತಡೆಯಲಾರದಷ್ಟು. ನೋಡಿದರೆ ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಬಾಲದ ಹುಳುಗಳು. ತೊಟ್ಟಿ ಬರಿದು ಮಾಡಿಸಿದ, ಕಾಟ ಇಳಿಯಿತು. ಸಂತೋಷದಿಂದ ಹೋಗಿ ಮೆಸ್ಸಿನಲ್ಲೂ ಹೀಗೇ ಮಾಡೋಣ, ಹೂದಾನಿ, ತೊಟ್ಟಿ ಬರಿದು ಮಾಡಿಸೋಣ ಎಂದು ಮೇಲಿನ ಅಧಿಕಾರಿಗೆ ಹೇಳಿದರೆ ಆತ ಒಪ್ಪಲಿಲ್ಲ. ಸೊಳ್ಳೆಯನ್ನು ಸೃಷ್ಟಿಸಿದ್ದಕ್ಕೂ ಏನೋ ಉದ್ದೇಶವಿರುತ್ತದೆ, ಪ್ರಕೃತಿಯ ಕ್ರಮ ಕೆಡಿಸಬಾರದು, ಸಹಿಸಿಕೊಳ್ಳುವುದೇ ನಮ್ಮ ಧರ್ಮ ಎಂದನಂತೆ. ರಾಸ್ ಇದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮಲೇರಿಯಾಕ್ಕೂ ಸೊಳ್ಳೆಗೂ ನಂಟಿದೆ ಎಂದು ಅವನು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆ ಸೀಳಿ ತೋರಿಸಿದ್ದು 1897ರ ಆಗಸ್ಟ್ 20ರಂದು, ನೊಬೆಲ್ ಬಂದದ್ದು 1902ರಲ್ಲಿ. ಸೊಳ್ಳೆ ಮಲೇರಿಯಾ ತರುತ್ತದೆ ಎಂದು ಜಗತ್ತಿಗೆ ತಿಳಿಯುವ ಮೊದಲೇ ಅದರ ಮದ್ದು ಒಬ್ಬನ ಕೈಗೆ ಸಿಕ್ಕಿತ್ತು, ಅದೂ ಬೆಂಗಳೂರಿನ ಒಂದು ತೊಟ್ಟಿಯ ಬಳಿ. ಆ ಅಧಿಕಾರಿಗಿಂತ ನಮ್ಮ ವದಿನ ಎಷ್ಟೋ ಮೇಲು. ಅವರೂ ಧರ್ಮದ ಮಾತು ಎತ್ತಿದರು, ಆದರೆ ಗುರುವಾರಕ್ಕೆ ಒಪ್ಪಿದರು.

ಮೈಸೂರು ಸೀಮೆಗೂ ಈ ವಿದ್ಯೆಗೂ ಹಳೆಯ ಸಂಬಂಧ. ಪಟ್ಟಣಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆಯ ಒಂದು ಬಗೆಗೆ 1937ರಲ್ಲಿ ಸ್ವೀಟ್ ಮತ್ತು ರಾವ್ ಎಂಬ ಇಬ್ಬರು ವಿಜ್ಞಾನಿಗಳು ಮೈಸೂರೆನ್ಸಿಸ್ ಎಂದೇ ಹೆಸರಿಟ್ಟರು. ಮಲ್ಲಿಗೆಗೆ, ರೇಷ್ಮೆಗೆ, ಪಾಕಕ್ಕೆ ಹೆಸರು ಕೊಟ್ಟ ಊರು ಒಂದು ಸೊಳ್ಳೆಗೂ ಕೊಟ್ಟಿದೆ. ಇದೇ ಜಾತಿಯ ಸೊಳ್ಳೆಯೇ ಮಂಗಳೂರಿನಲ್ಲಿ ಕಟ್ಟಡ ಏಳುವ ಕಡೆಗಳಲ್ಲಿ ನಿಂತ ನೀರು ಹಿಡಿದು ವರ್ಷಗಟ್ಟಲೆ ಜನರನ್ನು ಚಳಿಜ್ವರದಲ್ಲಿ ನಡುಗಿಸಿದ್ದು.

ಒಂದು ಶುಕ್ರವಾರ ಆಶಾ ಹುಡುಗಿ ಟಾರ್ಚು ಹಿಡಿದು ನಮ್ಮ ಹಿತ್ತಲಿಗೆ ಬಂದಳು. ಡ್ರಮ್ಮುಗಳು ಒಣಗಿದ್ದವು, ತುಳಸಿ ಕುಂಡದ ತಟ್ಟೆಯನ್ನು ನಾನು ತೆಗೆದೇ ಹಾಕಿದ್ದೆ. ಅವಳು ನೇರ ಹೋಗಿ ಒರಳು ಕಲ್ಲಿನ ಮುಂದೆ ಕೂತಳು. ನನ್ನ ಅತ್ತೆಯ ಒರಳು ಅದು. ಊರಿನಿಂದ ಲಾರಿಯಲ್ಲಿ ಬಂದದ್ದು. ಮಿಕ್ಸಿ, ಗ್ರೈಂಡರ್ ಬಂದ ಮೇಲೆ ಗೋಡೆಯ ಪಕ್ಕ ಮಳೆಗೆ ಮೈಯೊಡ್ಡಿ ಕೂತಿತ್ತು. ಒಳಗೆ ಒಂದು ಲೋಟದಷ್ಟು ಮಳೆನೀರು, ಅದರಲ್ಲಿ ಟಾರ್ಚಿನ ಬೆಳಕು ಬಿದ್ದ ಕೂಡಲೇ ಡೊಂಕಾಗಿ ತಳಕ್ಕಿಳಿದ ಹತ್ತಾರು ಹುಳು. ನಲವತ್ತು ವರ್ಷ ಮನೆಗೆ ಅನ್ನ ಹಾಕಿದ ಕಲ್ಲು. ಕಣ್ಣಲ್ಲಿ ನೀರು ಬಂತು. ಅದನ್ನು ಕವುಚಲು ನನ್ನಿಂದಾಗದು, ಎಸೆಯಲು ಮನಸ್ಸಿಲ್ಲ. ಆ ಹುಡುಗಿಯೇ ಬೊಗಸೆಯಲ್ಲಿ ನೀರು ಗೋರಿ ಚೆಲ್ಲಿ, ಒಳಗೆ ಕಂಠದವರೆಗೆ ಮರಳು ತುಂಬಿದಳು. ಇಲ್ಲಿಯ ಎಷ್ಟೋ ಮನೆಗಳ ಹಿತ್ತಲಲ್ಲಿ ಇಂಥ ರೋಲು, ಎಂದರೆ ಒರಳು, ಬಿದ್ದಿವೆ ಎಂದು ಅವಳೇ ಹೇಳಿದಳು. ನಿಮ್ಮ ಮನೆಯಲ್ಲೂ ಇದ್ದರೆ ಒಮ್ಮೆ ನೋಡಿ ಬನ್ನಿ. ಒಡೆದ ಬಕೆಟ್ಟು, ಚಿಪ್ಪು, ಗಾಜಿನ ಬಾಟಲಿಯ ಮನಿಪ್ಲಾಂಟು, ಹಕ್ಕಿಗೆಂದು ಇಟ್ಟ ಬಟ್ಟಲು, ಕೂಲರಿನ ತೊಟ್ಟಿ ಎಲ್ಲವೂ ಅದೇ ಲೆಕ್ಕ. 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ಈ ಊರನ್ನು ಹೊಡೆದುಹಾಕಿದ ಮೇಲೆ ನಾವು ಬಿದ್ದ ಮರ, ಹಾರಿದ ಶೀಟುಗಳನ್ನು ನೋಡುತ್ತ ಕೂತಿದ್ದೆವು. ಬೀದಿ ತುಂಬ ಬಿದ್ದ ತೆಂಗಿನ ಚಿಪ್ಪು, ಮುರಿದ ತಗಡಿನ ಮಡಿಕೆಗಳಲ್ಲಿ ನಿಂತ ನೀರನ್ನು ಯಾರೂ ನೋಡಲಿಲ್ಲ. ಕರೆಂಟಿಲ್ಲ, ಫ್ಯಾನಿಲ್ಲ, ರಾತ್ರಿಯೆಲ್ಲ ಬೀಸಣಿಗೆ.

ವಿಶಾಖಪಟ್ಟಣಕ್ಕೆ ಡೆಂಗಿ ಹೊಸ ಕಾಯಿಲೆಯೂ ಅಲ್ಲ. 1964ರಲ್ಲಿ ಇಲ್ಲಿ ಡೆಂಗಿಯಂಥ ಜ್ವರ ಹಬ್ಬಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅದನ್ನು ಅಭ್ಯಾಸ ಮಾಡಿ ಮರುವರ್ಷ ಪ್ರಕಟಿಸಿದರು. ಆ ಕೇಂದ್ರದ ಹೆಸರು ನನಗೆ ಚಿಕ್ಕಂದಿನಿಂದ ಗೊತ್ತು, ಬೇರೆ ಕಾರಣಕ್ಕೆ. 1957ರಲ್ಲಿ ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಸುತ್ತಲ ಹಳ್ಳಿಗಳಲ್ಲಿ ಜನರೂ ಸತ್ತರು. ಹಳದಿ ಜ್ವರ ಇಂಡಿಯಾಕ್ಕೆ ಬಂತೇನೋ ಎಂದು ಮೊದಲು ಹೆದರಿದ್ದರು. ಪುಣೆಯವರು ಬಂದು ನೋಡಿದರೆ ಅದು ಜಗತ್ತಿಗೇ ಹೊಸ ವೈರಸ್, ತರುತ್ತಿದ್ದದ್ದು ಸೊಳ್ಳೆಯಲ್ಲ, ಉಣುಗು.

ಈ ಮಂಗನ ಕಾಯಿಲೆಯ ಊರಿನವರಿಗೆ ಉಣುಗಿನ ಭಯ ಬೇರೆಯೇ ತೂಕದ್ದು. ಸೊಳ್ಳೆ ನಾವು ಹಿಡಿದಿಟ್ಟ ನೀರಿನಲ್ಲಿ ಹುಟ್ಟುತ್ತದೆ, ಚೆಲ್ಲಿದರೆ ಹೋಗುತ್ತದೆ. ಉಣುಗು ಕಾಡಿನ ದರಗಿನಲ್ಲಿ ಹುಟ್ಟುತ್ತದೆ. ಕಾಡನ್ನು ಚೆಲ್ಲುವುದೆಲ್ಲಿಗೆ? ಚಳಿಗಾಲ ಮುಗಿಯುತ್ತ ಬಂದಂತೆ ಸಾಸಿವೆಗಿಂತ ಸಣ್ಣ ಮರಿ ಉಣುಗುಗಳು ಒಣ ಎಲೆಯ ಮೇಲೆ ಕಾದಿರುತ್ತವೆ. ಅದೇ ಹೊತ್ತಿಗೆ ನಮ್ಮವರು ಕೊಟ್ಟಿಗೆಗೆ ದರಗು ಗುಡಿಸಲು, ಸೌದೆ ತರಲು ಕಾಡಿಗೆ ಹೋಗಬೇಕು. ಮೇಯಲು ಹೋದ ದನ ಮೈತುಂಬ ಉಣುಗು ಹೊತ್ತು ಅಂಗಳಕ್ಕೇ ಬರುತ್ತದೆ. ಮನೆಯಿಂದ ಹೊರಡುವಾಗ ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿಕೊಳ್ಳುವುದು, ತುಂಬುತೋಳಿನ ಬಟ್ಟೆ, ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ, ಮೈಯೆಲ್ಲ ತಡಕಿ ನೋಡುವುದು. ಅಂಟಿದ್ದನ್ನು ಉಗುರಿನಿಂದ ಚಿವುಟಬಾರದು, ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಬೇಕು. ಎಲ್ಲಕ್ಕಿಂತ ದೊಡ್ಡದು ಒಂದು ಸುದ್ದಿ: ಕಾಡಿನಲ್ಲಿ ಮಂಗ ಸತ್ತಿದೆ. ಆ ಸುದ್ದಿ ಆರೋಗ್ಯ ಕೇಂದ್ರಕ್ಕೆ ಎಷ್ಟು ಬೇಗ ಮುಟ್ಟಿತು ಎಂಬುದರ ಮೇಲೆ ಊರಿನ ಜೀವ ನಿಂತಿರುತ್ತದೆ. 2018ರ ಕೊನೆಗೆ ನಮ್ಮ ತಾಲ್ಲೂಕಿನ ಅರಲಗೋಡಿನಲ್ಲಿ ಕಾಯಿಲೆ ಎದ್ದಾಗ ನಾನು ಗಾಜುವಾಕದಲ್ಲಿ ಕೂತು ದಿನಾ ಸಂಜೆ ತಮ್ಮನಿಗೆ ಫೋನು ಮಾಡುತ್ತಿದ್ದೆ. ಹಳೆಯ ಲಸಿಕೆ ಫಲ ಕೊಡುತ್ತಿಲ್ಲವೆಂದು ಈಗ ನಿಲ್ಲಿಸಿದ್ದಾರೆ. ಹೊಸದರ ಕೆಲಸ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್‌ನಲ್ಲಿ ನಡೆದಿದೆ ಎಂದು ಓದಿದ ದಿನ ವದಿನಗೆ ಹೇಳಿದೆ, ನಿಮ್ಮ ಕಡೆಯವರು ನಮ್ಮೂರಿಗೆ ಮದ್ದು ಮಾಡುತ್ತಿದ್ದಾರೆ ಎಂದು. ಅವರು ಕೈ ಮುಗಿದರು.

ಮಗಳು ಇರುವುದು ವಿಜಯವಾಡದಲ್ಲಿ. ಅಲ್ಲಿಯ ಸೊಳ್ಳೆಯ ಕಥೆ ಇಲ್ಲಿಯದಲ್ಲ. ಕೃಷ್ಣೆಯ ಅಣೆಕಟ್ಟಿನಿಂದ ಹೊರಟ ಬಂದರು ಕಾಲುವೆ, ಏಲೂರು ಕಾಲುವೆ, ರೈವ್ಸ್ ಕಾಲುವೆ ಊರಿನ ನಡುವೆಯೇ ಹರಿಯುತ್ತವೆ. ನೀರು ಓಡುತ್ತಿರುವಷ್ಟು ದಿನ ಚಿಂತೆಯಿಲ್ಲ. ಬೇಸಿಗೆಗೆ ಕಾಲುವೆಯ ನೀರು ನಿಲ್ಲಿಸಿದರೋ, ತಳದಲ್ಲಿ ಅಲ್ಲಲ್ಲಿ ನಿಂತ ಕೊಳಕು ಮಡುಗಳು ಕ್ಯೂಲೆಕ್ಸಿನ ತೊಟ್ಟಿಲು. ಸಂಜೆ ಐದೂವರೆಗೆ ಮನೆಮನೆಯ ಮೆಶ್ ಬಾಗಿಲು ಪಟಪಟ ಮುಚ್ಚಿಕೊಳ್ಳುತ್ತದೆ, ತಡವಾಗಿ ಬಂದ ಅಳಿಯನೂ ಬಾಗಿಲ ಸಂದಿನಲ್ಲಿ ಅಡ್ಡಡ್ಡ ನುಸುಳಬೇಕು. ಈ ಕ್ಯೂಲೆಕ್ಸೇ ಬೋದಕಾಲು ತರುವ ಸೊಳ್ಳೆ. ಕರಾವಳಿ ಆಂಧ್ರದ ಹಳಬರ ಕಾಲುಗಳಲ್ಲಿ ಆ ಕಾಯಿಲೆಯನ್ನು ನಾನು ಬಂದ ಹೊಸದರಲ್ಲಿ ಎಷ್ಟೋ ಕಂಡಿದ್ದೆ. ಮನೆಮನೆಗೆ ಬಂದು ಮಾತ್ರೆ ಕೊಟ್ಟು, ಎದುರಿಗೇ ನುಂಗಿಸಿ ಹೋಗುವ ಕೆಲಸ ವರ್ಷಗಟ್ಟಲೆ ನಡೆಯಿತು. ಅವರ ಕಣ್ಣು ತಪ್ಪಿಸಿ ಆ ಮಾತ್ರೆಯನ್ನು ತಲೆದಿಂಬಿನಡಿ ಬಚ್ಚಿಡಬೇಡ ಎಂದು ಮಗಳಿಗೆ ನಾನು ಬೈದದ್ದಿದೆ. ನಮಗೇನೂ ಆಗಿಲ್ಲವಲ್ಲ ಎನ್ನುವವರ ರಕ್ತದಲ್ಲೂ ಆ ಹುಳು ಸದ್ದಿಲ್ಲದೆ ಇರಬಹುದು.

2024ರ ಸೆಪ್ಟೆಂಬರ್ ಮೊದಲ ದಿನ ಬುಡಮೇರು ಉಕ್ಕಿ ವಿಜಯವಾಡದ ಸಿಂಗ್‌ನಗರದ ಕಡೆಯೆಲ್ಲ ಮುಳುಗಿತು. ಮಗಳ ಮನೆ ಎತ್ತರದಲ್ಲಿತ್ತು, ಅವಳ ಮನೆಗೆಲಸಕ್ಕೆ ಬರುವಾಕೆಯ ಮನೆಯಲ್ಲಿ ಎದೆಮಟ್ಟ ನೀರು. ನೀರು ಇಳಿದ ಮೇಲೆ ಆಕೆ ಕುಡಿಯುವ ನೀರಿಗಾಗಿ ಟ್ಯಾಂಕರಿನ ಮುಂದೆ ನಿಂತು, ಸಿಕ್ಕ ಬಕೆಟ್ಟು, ಡಬ್ಬ, ಪಾತ್ರೆಗಳಲ್ಲೆಲ್ಲ ಹಿಡಿದಿಟ್ಟಳು. ನಾಳೆ ಟ್ಯಾಂಕರು ಬರುತ್ತದೋ ಇಲ್ಲವೋ ಎನ್ನುವವಳಿಗೆ ಚೆಲ್ಲು ಎನ್ನಲು ಬಾಯಿ ಹೇಗೆ ಬರಬೇಕು?

ಮೊಮ್ಮಗನಿಗೆ ಡೆಂಗಿ ಬಂದದ್ದು ಆ ತಿಂಗಳಲ್ಲೇ. ನಾನು ರೈಲು ಹತ್ತಿ ಹೋದೆ. ಮೂರು ದಿನ ಜ್ವರ, ಕಣ್ಣಿನ ಹಿಂದೆ ನೋವು. ನಾಲ್ಕನೆಯ ದಿನ ಜ್ವರ ಬಿಟ್ಟಿತು, ನಾವು ದೇವರಿಗೆ ದೀಪ ಹಚ್ಚಿದೆವು. ಮೊದಲು ತೋರಿಸಿದ ಕ್ಲಿನಿಕ್ಕಿನಲ್ಲಿ ಯಾರೂ ಒಂದು ಮಾತು ಹೇಳಿರಲಿಲ್ಲ: ಡೆಂಗಿಯಲ್ಲಿ ಜ್ವರ ಇಳಿಯುವ ದಿನಗಳೇ ಎಚ್ಚರದ ದಿನಗಳು. ಹೊಟ್ಟೆನೋವು, ಬಿಡದ ವಾಂತಿ, ವಸಡಿನ ರಕ್ತ, ಮಂಕು, ತಣ್ಣಗಾದ ಕೈಕಾಲು ಕಂಡರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಹುಡುಗನಿಗೆ ಹೊಟ್ಟೆನೋವು ಶುರುವಾದಾಗ ಮಗಳು ಕಾಯಲಿಲ್ಲ, ಅದು ನಮ್ಮ ಪುಣ್ಯ. ಎರಡನೆಯ ಕಡೆಯ ವೈದ್ಯೆ ತಾಳ್ಮೆಯಿಂದ ಎಲ್ಲ ಹೇಳಿದರು. ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ, ಪ್ಯಾರಾಸಿಟಮಾಲ್ ಮತ್ತು ಗಂಟೆಗಂಟೆಗೆ ನೀರು, ಗಂಜಿ, ಎಳನೀರು ಸಾಕು ಎಂದರು.

ಆಕೆ ಹೇಳಿದ ಇನ್ನೊಂದು ಮಾತು ನನ್ನನ್ನು ಬಹಳ ಕಾಡಿತು. ಹುಡುಗನನ್ನು ಹಗಲಲ್ಲೂ ಪರದೆಯೊಳಗೆ ಮಲಗಿಸಿ ಎಂದರು. ಅವನಿಗಾಗಲೇ ಬಂದಿದೆಯಲ್ಲ, ಇನ್ನೇಕೆ ಎಂದೆ. ಪರದೆ ಅವನಿಗಲ್ಲ ಅಮ್ಮಾ, ಮನೆಯ ಬೇರೆಯವರಿಗೆ, ಪಕ್ಕದವರಿಗೆ ಎಂದರು. ಈಡಿಸ್ ಹಗಲು ಕಚ್ಚುವ ಸೊಳ್ಳೆ, ಬೆಳಿಗ್ಗೆ ಮತ್ತು ಸಂಜೆಗೆ ಮುಂಚೆ ಅದಕ್ಕೆ ಹಸಿವು ಹೆಚ್ಚು. ಜ್ವರದಲ್ಲಿರುವ ಮಗುವಿನ ರಕ್ತ ಕುಡಿದು ತಾನೂ ವೈರಸ್ ಹೊತ್ತು, ಒಂದೆರಡು ವಾರದಲ್ಲಿ ಅದು ಇನ್ನೊಂದು ಮಗುವಿಗೆ ದಾಟಿಸುತ್ತದೆ. ಕಾಯಿಲೆ ಬಿದ್ದವನನ್ನು ಮುಚ್ಚಿದರೆ ಬೀದಿ ಉಳಿಯುತ್ತದೆ. ದೋಮತೆರ ಎಂದರೆ ನನ್ನನ್ನು ನಾನು ಕಾಪಾಡಿಕೊಳ್ಳುವ ಬಟ್ಟೆ ಎಂದೇ ಅರವತ್ತು ವರ್ಷ ತಿಳಿದಿದ್ದೆ.

ಆ ಕೋಣೆಯಲ್ಲಿ ಉರಿಯುತ್ತಿದ್ದ ಸೊಳ್ಳೆ ಬತ್ತಿಯನ್ನೂ ಅಂದೇ ತೆಗೆಸಿದೆ. ಮುಚ್ಚಿದ ಕೋಣೆಯಲ್ಲಿ ಒಂದು ಬತ್ತಿ ಪೂರ್ತಿ ಉರಿದರೆ ಅದರಿಂದ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನ ಹೊಗೆಗೆ ಸಮ ಎಂದು 2003ರ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಕಿಟಕಿಗೆ ಜಾಳಿಗೆ ಹಾಕಿಸುವ ಖರ್ಚು ಒಮ್ಮೆ ಮಾತ್ರ, ಬತ್ತಿಯ ಖರ್ಚು ಪ್ರತಿ ರಾತ್ರಿ.

ಅದೇ 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟ ಮನೆಗಳಿಗೆ ಪಟ್ಟಣದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ಕಟ್ಟಡ ಕಟ್ಟುವವರಿಗೆ, ಅಂಗಡಿಯವರಿಗೆ ದಂಡ ಹಾಕಲಿ, ನನ್ನ ತಕರಾರಿಲ್ಲ. ಆದರೆ ದಂಡದ ಚೀಟಿ ಬರೆಯುವ ಕೈ ಮೊದಲು ಒಂದು ಪ್ರಶ್ನೆ ಕೇಳಬೇಕು: ಈ ಮನೆಯ ನಲ್ಲಿಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ವಿಶಾಖಪಟ್ಟಣದಲ್ಲೂ ವಿಜಯವಾಡದಲ್ಲೂ ಗುಡ್ಡದ ಇಳಿಜಾರಿಗೆ ಅಂಟಿಕೊಂಡ ಸಾವಿರಾರು ಮನೆಗಳಿವೆ. ಕೊಂಡವಾಲು ಎನ್ನುತ್ತಾರೆ. ಅಲ್ಲಿ ಎಷ್ಟೋ ಕಡೆ ಕೆಳಗಿನ ನಲ್ಲಿಯಿಂದ ಮೆಟ್ಟಿಲು ಹತ್ತಿ ಹೆಂಗಸರು ನೀರು ಹೊರುತ್ತಾರೆ. ಸೊಂಟದ ಮೇಲೆ ಎಂಬತ್ತು ಮೆಟ್ಟಿಲು ಹತ್ತಿದ ಬಿಂದಿಗೆ ನೀರನ್ನು ಚೆಲ್ಲು ಎನ್ನುವ ಹಕ್ಕು ಯಾರಿಗಿದೆ? ಅವರಿಗೆ ಬೇಕಾದ್ದು ದಿನಾ ಬರುವ ನಲ್ಲಿ. ಅದು ಬರುವವರೆಗೆ, ಡ್ರಮ್ಮಿನ ಬಾಯಿಗೆ ಬಿಗಿಯಾಗಿ ಕೂರುವ ಮುಚ್ಚಳ, ಇಲ್ಲವೇ ಹಳೆಯ ಸೀರೆಯ ತುಂಡೊಂದನ್ನು ಎರಡು ಮಡಿಕೆ ಮಾಡಿ ಬಿಗಿದು ಕಟ್ಟಿದರೂ ಸರಿ. ಚೆಲ್ಲಲೇಬೇಕಾದ್ದನ್ನು ಗಿಡದ ಬುಡದ ಒಣ ಮಣ್ಣಿಗೆ ಸುರಿದರೆ ಹುಳು ಅಲ್ಲೇ ಸಾಯುತ್ತದೆ, ನೀರೂ ಹಾಳಾಗುವುದಿಲ್ಲ.

ವದಿನ ಹಾಗೇ ಮಾಡುತ್ತಾರೆ. ಗುರುವಾರ ರಾತ್ರಿ ಊಟವಾದ ಮೇಲೆ ಅವರ ಹಿತ್ತಲ ದೀಪ ಹೊತ್ತುತ್ತದೆ. ಡ್ರಮ್ಮಿನ ನೀರು ಒಂದೊಂದೇ ಚೊಂಬು ಬಾಳೆಯ ಬುಡಕ್ಕೆ, ದಾಸವಾಳದ ಬುಡಕ್ಕೆ. ಆಮೇಲೆ ಕಂಠದ ಸುತ್ತ ನಾರು ತಿಕ್ಕುವ ಸದ್ದು, ಬಹಳ ಹೊತ್ತು. ಈ ಗುರುವಾರ ನಾನೂ ನನ್ನ ಡ್ರಮ್ಮು ಉಜ್ಜಿ ಕೈ ತೊಳೆದುಕೊಳ್ಳುತ್ತಿದ್ದಾಗ ಗೋಡೆಯಾಚೆಯಿಂದ ಕೇಳಿದರು, "ವದಿನಾ, ಮೀ ಫ್ರಿಜ್ ವೆನಕಾಲ ಟ್ರೇ ಚೂಶಾರಾ?"

ಫ್ರಿಜ್ಜಿನ ಹಿಂದೆ ನೀರು ತೊಟ್ಟಿಕ್ಕುವ ತಟ್ಟೆಯೊಂದು ಇರುತ್ತದಲ್ಲ, ಅದು. ನಾನು ನೋಡಿರಲಿಲ್ಲ. ನಮ್ಮವರನ್ನು ಎಬ್ಬಿಸಿ, ಇಬ್ಬರೂ ಸೇರಿ ಫ್ರಿಜ್ಜನ್ನು ಗೋಡೆಯಿಂದ ಈಚೆಗೆ ಎಳೆದೆವು.